ಗಡಿ ಮೇಡಂ ಮತ್ತು ಖಾಲಿ ಉಳಿದ ಹುದ್ದೆ

ದೇಶದೇಶಗಳ ಗಡಿ ಜಗಳ, ಗಡಿ ದಾಟಿ ಓಡಿಬರುವ ನಿರಾಶ್ರಿತರು, ಅವರನ್ನು ಒಳಗೆ ಬಿಡುವ ಅಥವಾ ಬಾಗಿಲಲ್ಲೇ ತಡೆಯುವ ಕಾನೂನು, ಇವೇ ಅವಳ ಪಾಠ. ಹಾಗಾಗಿ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಧ್ಯಯನ ವಿಭಾಗದಲ್ಲಿ ಎಲ್ಲರಿಗೂ ಅವಳು ಗಡಿ ಮೇಡಂ. ಹುಡುಗರು ಹಿಂದಿನಿಂದ ಇಟ್ಟ ಹೆಸರು, ಬರಬರುತ್ತಾ ಎದುರಿಗೇ ಕರೆಯುವಂತಾಯಿತು. ಅವಳೂ ಓಗೊಡುತ್ತಿದ್ದಳು.

ಕೆಲಸದ ಹೆಸರು ಮಾತ್ರ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷ ಉಳಿದ ಅತಿಥಿಯನ್ನು ಯಾರಾದರೂ ಕಂಡಿದ್ದಾರೆಯೇ? ಅತಿಥಿಗೆ ಸಿಗುವ ಉಪಚಾರವೂ ಇಲ್ಲ, ಮನೆಯವರಿಗೆ ಸಿಗುವ ಹಕ್ಕೂ ಇಲ್ಲ. ಪರೀಕ್ಷೆ ಮುಗಿದ ದಿನ ನೌಕರಿ ಮುಗಿಯುತ್ತಿತ್ತು. ಹೊಸ ವರ್ಷದ ತರಗತಿ ಶುರುವಾಗುವ ಮುನ್ನ ಫೋನ್ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಝೆರಾಕ್ಸ್ ಯಂತ್ರ ಇಟ್ಟ ಕೋಣೆಯ ಮೂಲೆಯಲ್ಲಿ ಅವಳಿಗೊಂದು ಮೇಜು. ಪ್ರಬಂಧ ತಿದ್ದಿಸಿಕೊಳ್ಳಲು ಬಂದ ವಿದ್ಯಾರ್ಥಿಗಳು ಆ ಯಂತ್ರದ ಗಡಗಡ ನಿಲ್ಲುವವರೆಗೆ ಬಾಯಿ ಮುಚ್ಚಿ ಕಾಯಬೇಕು. ತಿದ್ದುವುದು ಅವಳು. ಮಾರ್ಗದರ್ಶಕರೆಂದು ಸಹಿ ಹಾಕುವುದು ವಿಭಾಗದ ಮುಖ್ಯಸ್ಥರು, ಏಕೆಂದರೆ ಅತಿಥಿಗೆ ಸಹಿಯ ಅಧಿಕಾರವಿಲ್ಲ.

ಈ ಮುಖ್ಯಸ್ಥರಿಗೆ ಹುಡುಗರು ಇಟ್ಟ ಹೆಸರು ಶಾಂತಿದೂತ. ಯಾರು ಯಾವ ತಕರಾರು ಒಯ್ದರೂ ಅವರು ಕೈ ಜೋಡಿಸಿ, ತಲೆ ಒಂದು ಕಡೆಗೆ ವಾಲಿಸಿ, "ಮಾತಾಡಿ ಬಗೆಹರಿಸೋಣ" ಎನ್ನುತ್ತಿದ್ದರು. ಮಾತಾಡುತ್ತಿದ್ದರು. ಬಗೆಹರಿಯುತ್ತಿರಲಿಲ್ಲ.

ಬಹಳ ವರ್ಷಗಳ ಬಳಿಕ ವಿಭಾಗಕ್ಕೆ ಎರಡು ಕಾಯಂ ಬೋಧಕ ಹುದ್ದೆ ಮಂಜೂರಾದವು. ಜಾಹೀರಾತು ಬಂದ ದಿನ ಝೆರಾಕ್ಸ್ ಕೋಣೆಯಲ್ಲಿ ಅತಿಥಿ ಉಪನ್ಯಾಸಕರ ಜಾತ್ರೆಯೇ ನೆರೆಯಿತು. ಮೊದಲ ಹುದ್ದೆ ಸಮುದ್ರ ಮಾರ್ಗಗಳ ಭದ್ರತೆಗೆ. ಆ ವಿಷಯವನ್ನು ವಿಭಾಗದಲ್ಲಿ ಯಾರೂ ಕಲಿಸುತ್ತಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಆದರೆ ಕುಲಸಚಿವರ ಅಳಿಯ ಅದನ್ನೇ ಓದಿದ್ದಾನೆಂದು ಗೇಟಿನ ಕಾವಲುಗಾರನಿಗೂ ಗೊತ್ತಿತ್ತು. ಎರಡನೆಯದು ಗಡಿ ಮತ್ತು ವಲಸೆ ಅಧ್ಯಯನಕ್ಕೆ.

"ಎರಡನೇದು ನಿಮ್ಮದೇ ಅಂದ್ಕೊಳ್ಳಿ ಮೇಡಂ," ಎಂದರು ಶಾಂತಿದೂತರು.

ಅವಳು ಅಂದುಕೊಂಡಳು. ಅಳಿಯನ ಹುದ್ದೆಯ ಬಗ್ಗೆ ಉಳಿದವರು ಗೊಣಗುವಾಗ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಅವರದ್ದು ಅವರಿಗೆ, ನನ್ನದು ನನಗೆ ಎಂದು ಸುಮ್ಮನಾದಳು. ಮೂಗಿಗೆ ತುಪ್ಪ ಸವರಿಸಿಕೊಂಡವರಿಗೆ ಬೇರೆ ವಾಸನೆ ಬಡಿಯುವುದಿಲ್ಲ.

ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಐದಾರು ಜನ. ಹೊರಗಿನಿಂದ ಬಂದ ಹಿರಿಯ ಪರಿಣತೆಯೊಬ್ಬರು ಮಾತ್ರ ಪಾಠಕ್ಕೆ ಸಂಬಂಧಿಸಿದ ಪ್ರಶ್ನೆ ಕೇಳಿದರು: ಯಾವ ದೇಶದ ಪೌರತ್ವವೂ ಇಲ್ಲದ ಮಗುವಿಗೆ ಶಾಲೆಯ ಬಾಗಿಲು ತೆರೆಸುವ ಕರ್ತವ್ಯ ಯಾರದು? ಗಡಿ ಮೇಡಂ ಕುರ್ಚಿಯ ತುದಿಗೆ ಸರಿದು ಹೇಳತೊಡಗಿದಳು. ಅರ್ಧಕ್ಕೇ ಪಕ್ಕದ ಕೋಟಿನ ಮನುಷ್ಯ ಗಡಿಯಾರ ನೋಡಿಕೊಂಡು ಬಾಯಿ ಹಾಕಿದ.

"ಇಷ್ಟು ವರ್ಷ ಅತಿಥಿಯಾಗೇ ಇದ್ದೀರಲ್ಲ. ಬೇರೆ ಎಲ್ಲೂ ನಿಮ್ಮನ್ನ ತಗೊಳ್ಳಲಿಲ್ವಾ?"

ಮೇಜಿನ ಆ ಕಡೆ ಯಾರೋ ಕಿಸಕ್ಕೆಂದರು. ಅವಳ ಕಿವಿ ಕಾದವು.

"ಇಷ್ಟು ವರ್ಷ ಇಲ್ಲಿ ಹುದ್ದೆ ಕರೆದೇ ಇರಲಿಲ್ಲ ಸರ್. ಪಾಠ ಮಾತ್ರ ಇತ್ತು. ಅದನ್ನ ಮಾಡ್ತಿದ್ದೆ. ಬೇಕಾದ್ರೆ ನಮ್ಮ ಮುಖ್ಯಸ್ಥರನ್ನ ಕೇಳಿ, ಇಲ್ಲೇ ಇದ್ದಾರೆ."

ಮುಖ್ಯಸ್ಥರು ಮೇಲಿನ ಫ್ಯಾನು ನೋಡುತ್ತಿದ್ದರು.

ಫಲಿತಾಂಶ ಸೂಚನಾ ಫಲಕಕ್ಕೆ ಬಂತು. ಮೊದಲ ಹುದ್ದೆಗೆ ಅಳಿಯದೇವರು. ಎರಡನೆಯದರ ಎದುರು ಒಂದೇ ಸಾಲು: ಸೂಕ್ತ ಅಭ್ಯರ್ಥಿ ದೊರೆಯದ ಕಾರಣ ಹುದ್ದೆಯನ್ನು ಖಾಲಿ ಉಳಿಸಲಾಗಿದೆ.

ಅವಳು ಬಸ್ಸಿನಲ್ಲಿ ನಿಂತೇ ಮನೆಗೆ ಬಂದಳು. ಬೇರೆಯವರಿಗೆ ಕೊಟ್ಟಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಿನಗಿಂತ ಶೂನ್ಯವೇ ಮೇಲು ಎಂದು ಬರೆದು ಮೊಹರು ಒತ್ತಿದ್ದರಲ್ಲ! ಚಪ್ಪಲಿ ಬಿಡುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಶಾಂತಿದೂತರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಸಮಿತಿ ನಿರ್ಧಾರ, ನನ್ನ ಕೈಲೇನಿದೆ? ಸೋಮವಾರದಿಂದ ಕ್ಲಾಸ್ ಶುರು. ಗಡಿ ಪೇಪರ್ ಎರಡೂ ನೀವೇ ತಗೊಳ್ಳಿ, ಎಂದಿನ ಹಾಗೆ."

"ಅದಕ್ಕೆ ಸೂಕ್ತವಾದವರು ಸಿಗಲಿಲ್ಲ ಅಂತ ಬೋರ್ಡಿಗೆ ಹಾಕಿದ್ದೀರಲ್ಲ ಸರ್?"

"ಅದು ಹುದ್ದೆಗೆ ಮೇಡಂ. ಪಾಠಕ್ಕಲ್ಲ."

"ಅಂದ್ರೆ ಪಾಠಕ್ಕೆ ನಾನು ಸೂಕ್ತ, ಹುದ್ದೆಗಲ್ಲ."

"ನೀವು ನಮ್ಮ ಮನೆಯವರಿದ್ದ ಹಾಗೆ. ಮನೆಯವರ ಹತ್ರ ಇದೆಲ್ಲ..."

"ಮನೆಯವರಿಗೆ ಊಟದ ಹೊತ್ತಿಗೆ ಒಂದು ತಟ್ಟೆನಾದ್ರೂ ಇಡ್ತಾರೆ ಸರ್. ನಾನು ಬರಲ್ಲ."

"ದುಡುಕಬೇಡಿ. ಮಾತಾಡಿ ಬಗೆ..."

ಅವಳು ಫೋನಿಟ್ಟಳು. ಇಡಲಿಲ್ಲ, ಕುಕ್ಕಿದಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಯ ಗ್ರೀಸ್ ತೊಳೆಯುತ್ತಿದ್ದವನು ಅಲ್ಲಿಂದಲೇ ಇಣುಕಿ ನೋಡಿ, ಈ ಹೊತ್ತಿನಲ್ಲಿ ಬಾಯಿಬಿಡದಿರುವುದೇ ಕ್ಷೇಮವೆಂದು ಇನ್ನಷ್ಟು ಸೋಪು ಹಚ್ಚಿಕೊಂಡ. ಅತ್ತೆ ಸುಮ್ಮನಿರುವ ಪೈಕಿಯಲ್ಲ. ಆಕೆ ನ್ಯಾಯಾಲಯದ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಕೆಲಸ ಮಾಡಿ ನಿವೃತ್ತಿಯಾದವಳು. ಗುಟ್ಟು ಹೇಳಿದರೂ ಎದುರು ಮನೆಗೆ ಕೇಳುವ ಗಂಟಲು.

"ಕೆಲಸಕ್ಕೆ ಬೇಕು, ಕುರ್ಚಿಗೆ ಬೇಡ. ಇದೆಂಥ ನ್ಯಾಯನೇ?" ಎಂದಳು ಅತ್ತೆ. ಎದುರು ಮನೆಯವರು ಕಿಟಕಿ ತೆರೆದರು.

ಸೋಮವಾರ ಗಡಿ ಪಾಠಕ್ಕೆ ಯಾರೂ ಬರಲಿಲ್ಲ. ಮಂಗಳವಾರ ಅಳಿಯನನ್ನು ಕಳಿಸಿದರು. ಅವನು ಹಡಗುಗಳ ಬಗ್ಗೆ ಮಾತಾಡಿ ಎದ್ದುಹೋದ. ಬುಧವಾರ ಸ್ವತಃ ಶಾಂತಿದೂತರೇ ನಿಂತರು. ನಿರಾಶ್ರಿತ ಯಾರು, ಸಾಮಾನ್ಯ ವಲಸಿಗ ಯಾರು ಎಂದು ವಿದ್ಯಾರ್ಥಿಗಳು ಕೇಳಿದಾಗ, ಮುಂದಿನ ಕ್ಲಾಸಿನಲ್ಲಿ ಚರ್ಚಿಸೋಣವೆಂದು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ವಿಭಾಗದ ಗುಣಮಟ್ಟ ಅಳೆಯುವ ತಂಡ ಆ ತಿಂಗಳಲ್ಲೇ ಬರುವುದಿತ್ತು. ವಾರ ಕಳೆಯುವುದರೊಳಗೆ ಅವರು ಹಣ್ಣಿನ ಚೀಲ ಹಿಡಿದು ಅವಳ ಮನೆ ಮೆಟ್ಟಿಲು ಹತ್ತಿದರು.

ಮನೆ ಎಂದರೆ ಎರಡು ಕೋಣೆ. ಒಂದೇ ಒಳ್ಳೆಯ ಕುರ್ಚಿ. ಅದನ್ನು ಅತ್ತೆ ಬಿಟ್ಟುಕೊಡಲಿಲ್ಲ. ಶಾಂತಿದೂತರು ಮಡಿಸಿದ ಹಾಸಿಗೆಯ ಅಂಚಿನಲ್ಲಿ ಕುಳಿತರು.

"ನಿಮ್ಮ ಸೊಸೆ ಅಂದ್ರೆ ನಮ್ಮ ವಿಭಾಗದ ಬೆನ್ನೆಲುಬು ಅಮ್ಮ," ಎಂದು ಶುರು ಮಾಡಿದರು.

"ಬೆನ್ನೆಲುಬು ಇಲ್ದೆ ಹತ್ತು ಮೆಟ್ಟಿಲು ಹತ್ತಿ ಬಂದ್ರಲ್ಲ, ದೊಡ್ಡದು," ಎಂದಳು ಅತ್ತೆ.

ಗಡಿ ಮೇಡಂ ನಗಲಿಲ್ಲ. "ಸರ್, ಒಂದೇ ಪ್ರಶ್ನೆ. ನನ್ನಲ್ಲಿ ಏನು ಕಡಿಮೆ ಅಂತ ಖಾಲಿ ಬಿಟ್ರಿ?"

"ಕಡಿಮೆ ಅಂತ ಅಲ್ಲ ಮೇಡಂ." ಅವರು ಬಾಗಿ, ದನಿ ತಗ್ಗಿಸಿದರು. "ನೋಡಿ, ನನ್ನ ಹತ್ರ ಒಂದು ಹುಡುಗಿ ಸಂಶೋಧನೆ ಮಾಡ್ತಿದ್ದಾಳೆ. ಪಿಎಚ್‌ಡಿ ಮುಗಿಯೋಕೆ ಇನ್ನೊಂದು ವರ್ಷ ಬೇಕು. ಬುದ್ಧಿವಂತೆ, ವಯಸ್ಸು ಚಿಕ್ಕದು, ಅವಳ ಮುಂದೆ ಇಡೀ ಜೀವನ ಇದೆ. ಅಲ್ಲೀವರೆಗೆ ನೀವು ನಡೆಸಿಕೊಟ್ರೆ, ಆಮೇಲೂ ನಿಮ್ಮನ್ನ ಬಿಡಲ್ಲ. ಅತಿಥಿಯಾಗಿ ಇದ್ದೇ ಇರ್ತೀರಿ."

ಹೇಳಿದ್ದು ಎಂಥ ಮಾತೆಂದು ಆ ಮನುಷ್ಯನಿಗೆ ತಿಳಿದಂತಿರಲಿಲ್ಲ. ದಯೆ ತೋರಿಸುತ್ತಿದ್ದೇನೆಂದೇ ಅವರ ನಂಬಿಕೆ. ಗಡಿ ಮೇಡಂ ಹಣ್ಣಿನ ಚೀಲವನ್ನು ಎತ್ತಿ ಅವರ ಮಡಿಲಲ್ಲಿಟ್ಟಳು.

"ಮೆಟ್ಟಿಲು ಇಳಿಯೋವಾಗ ಹುಷಾರು ಸರ್. ಕೊನೇದು ಮುರಿದಿದೆ."

ಮರುದಿನ ವಿಭಾಗದ ಸಭೆ. ವರ್ಷದ ಪಾಠಗಳನ್ನು ಮತ್ತೆ ಹಂಚುವ ಸಭೆಯಾದ್ದರಿಂದ ಅತಿಥಿಗಳಿಗೂ ಹಿಂದಿನ ಸಾಲಿನಲ್ಲಿ ಜಾಗವಿತ್ತು. ಹೊರಡುವಾಗ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ನೀವೆಲ್ಲಿಗೆ ಅತ್ತೆ?"

"ಸಾಕ್ಷಿ ಇಲ್ದೆ ಕೇಸು ನಿಲ್ಲಲ್ಲ ಕಣೇ. ನಡಿ."

ಸಭೆಯಲ್ಲಿ ಪಾಠಗಳ ಪಟ್ಟಿ ಓದುತ್ತ ಗಡಿ ಅಧ್ಯಯನಕ್ಕೆ ಬಂದಾಗ ಅವಳು ಎದ್ದು ನಿಂತಳು. ಹುದ್ದೆಯನ್ನು ಯಾಕೆ ಖಾಲಿ ಬಿಟ್ಟರು, ಯಾರಿಗಾಗಿ ಕಾಯ್ದಿರಿಸಿದರು, ತನ್ನ ಮನೆಯಲ್ಲಿ ಕುಳಿತು ಮುಖ್ಯಸ್ಥರು ಏನಂದರು ಎಂಬುದನ್ನು ಒಂದಕ್ಷರ ಕೂಡಿಸದೆ, ಕಳೆಯದೆ ಹೇಳಿದಳು. ಹುಡುಗಿಯ ಹೆಸರನ್ನು ಮಾತ್ರ ಎತ್ತಲಿಲ್ಲ. ಕೂಗಾಡಿದ್ದರೆ ಯಾರಾದರೂ ಸಮಾಧಾನ ಮಾಡಲು ಬರುತ್ತಿದ್ದರು. ಅವಳು ಪಾಠ ಮಾಡುವ ದನಿಯಲ್ಲೇ ಹೇಳಿದ್ದರಿಂದ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಕಾಯಂ ಅಧ್ಯಾಪಕರೆಲ್ಲ ತಮ್ಮ ತಮ್ಮ ಪೆನ್ನುಗಳನ್ನು ಪರೀಕ್ಷಿಸತೊಡಗಿದರು.

"ಇದು ಶುದ್ಧ ಸುಳ್ಳು. ನಾನು ಹಾಗೆ ಹೇಳೇ ಇಲ್ಲ. ಯಾರು ಕೇಳಿದ್ದಾರೆ?" ಎಂದರು ಶಾಂತಿದೂತರು.

"ನಾನು ಕೇಳಿದೀನಿ!"

ಕಾರಿಡಾರಿನ ಬೆಂಚಿನಿಂದ ಎದ್ದು ಬಂದ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ವರ್ಷಗಟ್ಟಲೆ ನ್ಯಾಯಾಲಯದ ಅಂಗಳವನ್ನು ಎಬ್ಬಿಸಿದ ಆ ಗಂಟಲು, 'ಇನ್ನೊಂದು ವರ್ಷ ಬೇಕು' ಎಂಬಲ್ಲಿಂದ 'ಅತಿಥಿಯಾಗಿ ಇದ್ದೇ ಇರ್ತೀರಿ' ಎಂಬಲ್ಲಿಯವರೆಗೆ ಪ್ರತಿ ಮಾತನ್ನೂ ಎರಡು ಮಹಡಿಗೆ ಕೇಳಿಸಿತು. ಪಕ್ಕದ ತರಗತಿಗಳಿಂದ ಹುಡುಗರು ಹೊರಗೆ ಬಂದರು. ಹಿಂದಿನ ಸಾಲಿನ ಅತಿಥಿಗಳು ಒಬ್ಬೊಬ್ಬರಾಗಿ ಎದ್ದರು. ನಾವೂ ಪಾಠ ತಗೊಳ್ಳಲ್ಲ ಎಂದರು. ಅವರಲ್ಲಿ ಕೆಲವರು ಮುಂದಿನ ವಾರವೇ ತೆಪ್ಪಗೆ ತರಗತಿಗೆ ಮರಳಿದರೆಂಬುದೂ ನಿಜ. ಮನೆಯಲ್ಲಿ ಮಕ್ಕಳಿದ್ದವರನ್ನು ಏನೆನ್ನುವುದು? ಆದರೆ ಆ ಒಂದು ಹೊತ್ತು ಎಲ್ಲರೂ ಎದ್ದಿದ್ದರು.

ಸಂಜೆ ಬಸ್ ನಿಲ್ದಾಣದಲ್ಲಿ ಆ ಸಂಶೋಧನಾ ವಿದ್ಯಾರ್ಥಿನಿ ಅವಳನ್ನು ಅಡ್ಡಗಟ್ಟಿದಳು. ಕಣ್ಣು ಕೆಂಪಾಗಿದ್ದವು.

"ಮೇಡಂ, ಹೆಸರು ಹೇಳದೇ ಇದ್ರೇನು, ಎಲ್ರಿಗೂ ಗೊತ್ತು ಅದು ನಾನೇ ಅಂತ. ನಾನು ಯಾರನ್ನೂ ಏನೂ ಕೇಳಿರಲಿಲ್ಲ. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ ಹಾಗಾಯ್ತು. ಇನ್ನು ನನಗೆ ಎಲ್ಲಿ ಕೆಲಸ ಸಿಕ್ಕಿದ್ರೂ, ಯಾರೋ ಕೊಡಿಸಿದ್ದು ಅಂತಾರೆ."

ಗಡಿ ಮೇಡಂ ಹುಡುಗಿಯ ಮುಖ ನೋಡಿದಳು. ಅವಳ ಪ್ರಬಂಧದ ಮೊದಲ ಅಧ್ಯಾಯವನ್ನು ಝೆರಾಕ್ಸ್ ಕೋಣೆಯಲ್ಲಿ ತಿದ್ದಿಕೊಟ್ಟವಳು ತಾನೇ.

"ನಿನ್ನ ಮೇಲೆ ನನಗೆ ಕೋಪ ಇಲ್ಲ," ಎಂದಳು. "ಆದ್ರೆ ನಿನಗೆ ನೋವಾಗುತ್ತೆ ಅಂತ ನಾನು ಬಾಯಿ ಮುಚ್ಚಿಕೊಂಡಿರಬೇಕು ಅಂದ್ರೆ, ಅದಾಗಲ್ಲ. ಅಳಿಯನ ವಿಷಯದಲ್ಲಿ ಮುಚ್ಚಿಕೊಂಡೆ. ಏನಾಯ್ತು ನೋಡಿದೆಯಲ್ಲ."

ಹುಡುಗಿ ಸಮಾಧಾನವಾಗದೆಯೇ ಹೋದಳು. ಅದು ಸಮಾಧಾನವಾಗುವಂಥ ಮಾತೂ ಆಗಿರಲಿಲ್ಲ.

ವಿಚಾರಣಾ ಸಮಿತಿ ಕೂತಿತು, ಎದ್ದಿತು. ಶಾಂತಿದೂತರಿಗೆ ಒಂದು ಎಚ್ಚರಿಕೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಅವರು ಅವಧಿ ಮುಗಿಸಿ, ಹಾರ ಹಾಕಿಸಿಕೊಂಡೇ ಕೆಳಗಿಳಿದರು. ಅಳಿಯ ತನ್ನ ಜಾಗದಲ್ಲಿ ಅಲುಗಾಡದೆ ಉಳಿದ. ಗಡಿ ಮೇಡಂಗೆ ಮತ್ತೆ ಅತಿಥಿಯ ಫೋನ್ ಬರಲಿಲ್ಲ. ಗಡಿ ಠಾಣೆಗಳಲ್ಲಿ ಪಾಸ್‌ಪೋರ್ಟ್ ತಪಾಸಣೆ ಮಾಡುವ ಅಧಿಕಾರಿಗಳ ತರಬೇತಿ ಕೇಂದ್ರದಲ್ಲಿ ಅವಳು ಕೆಲಸ ಹಿಡಿದಳು. ಸಮವಸ್ತ್ರದ ದೊಡ್ಡ ಹುಡುಗರಿಗೆ, ಓಡಿ ಬಂದವನನ್ನು ಕಳ್ಳನಂತೆ ನೋಡಬೇಡಿ ಎಂದು ಕಲಿಸುವ ಕೆಲಸ. ಅಲ್ಲಿ ಬಾಗಿಲಿನ ಮೇಲೆ ಅವಳ ಹೆಸರಿನ ಫಲಕವಿದೆ.

ಆದರೂ ಅವಳು ಬಿಡಲಿಲ್ಲ. ಕುಲಪತಿಗಳಿಗೆ ಬರೆದಳು, ಮತ್ತೆ ಬರೆದಳು, ಹೋಗಿ ಬಾಗಿಲಲ್ಲಿ ಕೂತಳು. ಕೊನೆಗೆ ಖಾಲಿ ಹುದ್ದೆಗೆ ಹೊಸದಾಗಿ ಅರ್ಜಿ ಕರೆದರು. ಈ ಸಲ ಸಮಿತಿಯೆಲ್ಲ ಹೊರಗಿನವರೇ, ಸಂದರ್ಶನದ ಪಾಠ ವಿದ್ಯಾರ್ಥಿಗಳ ಮುಂದೆಯೇ. ಅವಳೂ ಹೋದಳು, ಆ ಹುಡುಗಿಯೂ ಬಂದಿದ್ದಳು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತು, ನೀರಿನ ಬಾಟಲಿ ಮಾತ್ರ ಹಂಚಿಕೊಂಡರು.

ಹುದ್ದೆ ಇಬ್ಬರಿಗೂ ಸಿಗಲಿಲ್ಲ. ದೂರದ ಊರಿನಿಂದ ಬಂದ ಒಬ್ಬಳಿಗೆ ಸಿಕ್ಕಿತು. ನಿರಾಶ್ರಿತರ ಶಿಬಿರದಲ್ಲಿ ವರ್ಷಗಳ ಕಾಲ ಕೆಲಸ ಮಾಡಿ ಬಂದಿದ್ದವಳು. ಅವಳ ಪಾಠವನ್ನು ಗಡಿ ಮೇಡಂ ಹಿಂದಿನ ಬೆಂಚಿನಲ್ಲಿ ಕುಳಿತು ಪೂರ್ತಿ ಕೇಳಿದ್ದಳು, ತಪ್ಪು ಹುಡುಕುತ್ತಾ.

"ಏನಾಯ್ತೇ? ಈ ಸಲ ಯಾರ ಮಗಳಂತೆ?" ಎಂದು ಅತ್ತೆ ಕುರ್ಚಿಯಿಂದಲೇ ಕೇಳಿದಳು.

"ಯಾರ ಮಗಳೂ ಅಲ್ಲ. ಚೆನ್ನಾಗಿ ಪಾಠ ಮಾಡ್ತಾಳೆ."

"ನಿನಗಿಂತ?"

ಗಡಿ ಮೇಡಂ ಕೈಚೀಲವನ್ನು ಮೇಜಿನ ಮೇಲೆ ಎಸೆದಳು.

"ಹೌದು ಅತ್ತೆ, ನನಗಿಂತ! ಅದಕ್ಕೇ ಮೈಯೆಲ್ಲ ಉರೀತಿದೆ. ನಾನು ಸೇರಿದಾಗ್ಲೇ ಹುದ್ದೆ ಕರೆದು ಹೀಗೆ ನೆಟ್ಟಗೆ ನಡೆಸಿದ್ರೆ ನಾನು ಆವಾಗ್ಲೇ ಒಳಗಿರ್ತಿದ್ದೆ, ಇಲ್ಲಾ ಆವಾಗ್ಲೇ ಬೇರೆ ದಾರಿ ನೋಡ್ಕೋತಿದ್ದೆ. ನೆಟ್ಟಗೆ ನಡೆಸೋದು ಅವರಿಗೆ ಬರ್ತಿತ್ತು ಅತ್ತೆ. ಬರ್ತಿತ್ತು, ಮಾಡ್ಲಿಲ್ಲ!"

ಅತ್ತೆ ಒಳ್ಳೆಯ ಕುರ್ಚಿಯಿಂದ ಎದ್ದು, ಸೊಸೆಯನ್ನು ಅದರಲ್ಲಿ ಕೂರಿಸಿ, ಚಹಾಕ್ಕೆ ನೀರಿಡಲು ಒಳಗೆ ಹೋದಳು.