ಬಿಳಿ ಶಾಯಿಯಲ್ಲಿ ಬರೆದ ಹೆಸರು

ಹರ್ಮನ್ಸ್ ಕೋವಿನಲ್ಲಿ ಎನೊಸ್ ವೆಂಟ್ಸೆಲ್ ಎಂಬ ಹೆಸರಿನವರು ಮೂವರು. ಒಬ್ಬ ಉಪ್ಪು ಎನೊಸ್. ಅವನ ತಾತ ಮೀನಿಗೆ ಹಾಕುವ ಉಪ್ಪು ಮಾರುತ್ತಿದ್ದ. ಇನ್ನೊಬ್ಬ ದೀಪದ ಎನೊಸ್. ಅವನಪ್ಪ ಲೈಟ್‌ಹೌಸ್ ಕಾಯುತ್ತಿದ್ದ. ನೋವಾ ಸ್ಕೋಷಿಯಾದ ಆ ದಂಡೆಯಲ್ಲಿ ಇಡೀ ಊರು ನಾಲ್ಕೇ ಮನೆತನದ ಹೆಸರುಗಳನ್ನು ಹಂಚಿಕೊಂಡಿತ್ತು. ಹಾಗಾಗಿ ಅಡ್ಡಹೆಸರಿಲ್ಲದೆ ಯಾರ ಮನೆಗೂ ಟಪಾಲು ಸರಿಯಾಗಿ ತಲುಪುತ್ತಿರಲಿಲ್ಲ. ಒಮ್ಮೆ ಅಂಟಿದ್ದು ಮಗನಿಗೂ ಮೊಮ್ಮಗನಿಗೂ ಇಳಿಯುತ್ತಿತ್ತು. ಮಣ್ಣು ಮಾಡುವಾಗ ಪಾದ್ರಿ ಕೂಡ ಅದನ್ನೇ ಹೇಳಬೇಕು. ಇಲ್ಲವಾದರೆ ಹೋದವರು ಯಾರೆಂದು ಹಿಂದಿನ ಸಾಲಿನಲ್ಲಿ ಪಿಸುಪಿಸು ಶುರುವಾಗುತ್ತಿತ್ತು.

ಮೂರನೆಯ ಎನೊಸ್‌ಗೆ ಮಾತ್ರ ಅಡ್ಡಹೆಸರಿರಲಿಲ್ಲ. ಅವನು ಕೆಳದವಡೆಯ ಅರ್ಧವನ್ನು ಫ್ರಾನ್ಸಿನ ಯುದ್ಧದಲ್ಲಿ ಬಿಟ್ಟು ಬಂದಿದ್ದ. ಹಡಗಿನಿಂದ ಇಳಿದ ದಿನ ಕಟ್ಟೆಯ ಮೇಲೆ ನಿಂತಿದ್ದವರೆಲ್ಲ ಆ ಮುಖವನ್ನು ನೋಡಿದರು. ಹೆಸರುಗಳು ನಾಲಗೆಯ ತುದಿಗೆ ಬಂದೇ ಇದ್ದವು. ಯಾರೂ ಇಡಲಿಲ್ಲ. ಹಾಗೆ ಮಾಡಬಾರದೆಂದು ಯಾರೂ ಯಾರಿಗೂ ಹೇಳಲೂ ಇಲ್ಲ. 'ಬೆರೆನೀಸಳ ಗಂಡ' ಎಂದು ಸುತ್ತುಬಳಸಿ ಹತ್ತು ವರ್ಷ ಸುಧಾರಿಸಿದರು. ಬಾಯಿಗೆ ಬೀಗವಿಲ್ಲದ ಊರು ಅವನೊಬ್ಬನ ಸಲುವಾಗಿ ಬೀಗ ಹಾಕಿಕೊಂಡಿತ್ತು.

ಅದನ್ನು ತೆಗೆದವಳು ಲವಿನಿಯಾ ರೂಲಂಡ್.

ಊರಿಗೆ ಅವಳು 'ಸಿಸ್ಟರ್'. ಯುದ್ಧದ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಫ್ರಾನ್ಸಿನ ಕಡಲತೀರದ ಡೇರೆಯ ವಾರ್ಡಿನಲ್ಲಿ ಎನೊಸ್‌ನನ್ನು ನೋಡಿಕೊಂಡದ್ದೂ ಅವಳೇ. ಬರುವಾಗ ತಗಡಿನ ಪೆಟ್ಟಿಗೆಯೊಂದನ್ನು ತಂದಿದ್ದಳು. ಅದರಲ್ಲಿ ಕಪ್ಪು ಹಾಳೆಯ ನಾಲ್ಕು ಆಲ್ಬಮ್. ಗುಣವಾಗಿ ಹೊರಟವರು ಕಿತ್ತುಕೊಟ್ಟ ಗುಂಡಿ, ಬಿಲ್ಲೆಗಳನ್ನು ಸಾಲಾಗಿ ಹೊಲಿದ ಒಂದು ಬೆಲ್ಟು. ಗುಂಡಿನ ತಗಡನ್ನು ಬಡಿದು ಮಾಡಿದ ಉಂಗುರ. ಉದ್ದ ಮೂತಿಯ ಬಿಳಿ ಪಿಂಗಾಣಿ ಗಿಂಡಿ. ಮಲಗಿದಲ್ಲೇ ಇರುವವರ ಗಂಟಲಿಗೆ ಹಾಲು ಇಳಿಸುವ ಗಿಂಡಿ ಅದು. ಎನೊಸ್ ಆರು ತಿಂಗಳು ಅದರಲ್ಲೇ ಬದುಕಿದ್ದ.

ಅದನ್ನು ಅವನು ಮರೆತಿರಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಲವಿನಿಯಾಳ ಹಿತ್ತಿಲ ಬಾಗಿಲಿಗೆ ಬಂದು, ಈರುಳ್ಳಿಯ ಜೊತೆ ಹುಳಿಯಲ್ಲಿ ಊರಿಸಿದ ಹೆರಿಂಗ್ ಮೀನಿನ ಜಾಡಿಯನ್ನು ಮೆಟ್ಟಿಲ ಮೇಲಿಡುತ್ತಿದ್ದ. ಒಳಗೆ ಕರೆದರೆ ಬರುತ್ತಿರಲಿಲ್ಲ. "ಆವತ್ತಿನ ಹಾಲಿಗೆ, ಸಿಸ್ಟರ್," ಎಂದು ಟೊಪ್ಪಿಗೆ ಮುಟ್ಟಿ ಹೋಗುತ್ತಿದ್ದ.

ಯುದ್ಧ ಮುಗಿದು ಹತ್ತು ವರ್ಷ ತುಂಬಿತೆಂದು ಆ ನವೆಂಬರಿನಲ್ಲಿ ಚರ್ಚಿನ ಹೆಂಗಸರು ಸಭಾಂಗಣದಲ್ಲಿ ಒಂದು ಪ್ರದರ್ಶನ ಇಟ್ಟರು. ಅದರ ಮುಂದಾಳು ಒಡೆಸ್ಸಾ ಜಿಂಕ್, ಚರ್ಚಿನ ಹಾಡುಗಾರ್ತಿ. "ನಿಮ್ಮ ಪೆಟ್ಟಿಗೆ ಇಲ್ದೆ ನಮ್ಮದೆಂಥ ಪ್ರದರ್ಶನ ಸಿಸ್ಟರ್!" ಎಂದು ಮನೆಗೇ ಬಂದು ಕೇಳಿದಳು. ಲವಿನಿಯಾ ಬಿಚ್ಚಿ ಕೂಡ ನೋಡದೆ ಪೆಟ್ಟಿಗೆ ಕೊಟ್ಟಳು. ನಲವತ್ತು ದಾಟಿ, ಅಣ್ಣನ ಮನೆಯ ಮಾಳಿಗೆ ಕೋಣೆಯಲ್ಲಿ ಒಂಟಿಯಾಗಿದ್ದವಳಿಗೆ, ತಾನೂ ಒಂದು ಕಾಲಕ್ಕೆ ಏನೋ ಆಗಿದ್ದೆನೆಂದು ಊರು ನೋಡಲಿ ಎಂಬ ಆಸೆಯಿತ್ತು.

ಅದಾದ ಐದಾರು ದಿನಕ್ಕೆ ಕಾಕಂಬಿ ತರಲು ಟೈಟಸ್ ಮೋಸರ್‌ನ ಅಂಗಡಿಗೆ ಹೋದಳು. ಒಲೆಯ ಸುತ್ತ ಮೀನುಗಾರರು ಕೂತಿದ್ದರು. ಉಪ್ಪು ಎನೊಸ್ ಅಲ್ಲಿಂದಲೇ ಕೂಗಿದ:

"ಟೈಟಸ್, ಗಿಂಡಿಗೆ ಬಲೆ ದಾರ ಬೇಕಂತೆ, ತೆಗೆದಿಡಪ್ಪ."

"ಯಾವ ಗಿಂಡಿನೋ?"

"ಇನ್ಯಾವುದು? ಎಷ್ಟು ಹುಯ್ದರೂ ಸೋರ್ತದಲ್ಲ, ಅದು!"

ಒಲೆಯ ಸುತ್ತ ನಗು ಎದ್ದಿತು. ಲವಿನಿಯಾ ಬಾಗಿಲಲ್ಲೇ ನಿಂತಳು. ಆ ಮಾತನ್ನು ಅವಳು ಕೇಳಿ ಹತ್ತು ವರ್ಷವಾಗಿತ್ತು. ಅದು ಅವಳದೇ ಮಾತು.

ಉಪ್ಪು ಎನೊಸ್ ಅವಳನ್ನು ಕಂಡು ಎದ್ದು ನಿಂತ. "ಬನ್ನಿ ಸಿಸ್ಟರ್, ಬನ್ನಿ! ಏನ್ ಬರ್ದಿದೀರಿ ಕಣ್ರೀ! ನಾವು ತಲೆ ಕೆರ್ಕೊಂಡು ಸತ್ತಿದ್ರೂ ಇಂಥಾದ್ದು ಹೊಳೀತಿರ್ಲಿಲ್ಲ."

"ಅವನ ಎದುರಿಗೆ ಅಂದ್ಯಾ?"

"ಅಂದೆ. ಯಾಕೆ, ಅನ್ಬಾರ್ದಿತ್ತಾ?" ಅವನ ಮುಖದ ನಗು ಸ್ವಲ್ಪ ಇಳಿಯಿತು. "ಇಷ್ಟು ವರ್ಷ ಬಾಯಿ ಕಟ್ಕೊಂಡೇ ಇದ್ವಲ್ಲ ನಾವು. ಹಾಲು ಕುಡಿಸಿದ ನೀವೇ ಹೇಳಿದ ಮೇಲೆ ನಮ್ದೇನು ಸಿಸ್ಟರ್?"

ಕಾಕಂಬಿಗೆಂದು ತಂದ ಡಬ್ಬಿಯನ್ನು ಬಾಗಿಲ ಬಳಿಯೇ ಬಿಟ್ಟು ಅವಳು ಸಭಾಂಗಣಕ್ಕೆ ನಡೆದಳು.

ಮೇಜಿನ ಮೇಲೆ ಮೂರನೆಯ ಆಲ್ಬಮ್ ಬಿಡಿಸಿಟ್ಟಿತ್ತು. ಫೋಟೋದಲ್ಲಿ ಮಂಚದ ಮೇಲೆ ಎನೊಸ್. ಮುಖದ ತುಂಬ ಬ್ಯಾಂಡೇಜು, ಕಣ್ಣು ಮಾತ್ರ ಹೊರಗೆ. ಆ ಕಣ್ಣು ಗಿಂಡಿ ಹಿಡಿದ ಕೈಯನ್ನು ಮರಿ ಹಕ್ಕಿಯ ಹಾಗೆ ನೋಡುತ್ತಿತ್ತು. ಕೆಳಗೆ ಬಿಳಿ ಶಾಯಿಯ ದುಂಡನೆಯ ಅಕ್ಷರ: 'ನಮ್ಮ ಗಿಂಡಿ. ಎಷ್ಟು ಹುಯ್ದರೂ ಸೋರುತ್ತದೆ.' ಪಕ್ಕದಲ್ಲಿ, ಫೋಟೋದಿಂದ ಇಳಿದು ಬಂದಂತೆ, ನಿಜವಾದ ಗಿಂಡಿ.

"ಆ ಪುಟ ಬಿಡ್ಸಿಟ್ಟಿದ್ದು ನಾನೇ," ಎಂದಳು ಒಡೆಸ್ಸಾ. "ನಕ್ಕೂ ನಕ್ಕೂ ಸಾಕಾಯ್ತು. ಇಷ್ಟು ಗಂಭೀರವಾಗಿರೋ ನೀವು ಇಂಥ ತಮಾಷೆಯವರು ಅಂತ ಯಾರಿಗ್ ಗೊತ್ತಿತ್ತು!"

"ಎನೊಸ್ ಬಂದಿದ್ನಾ?"

"ಭಾನುವಾರ, ಹೆಂಡತಿ ಜೊತೆ. ತುಂಬಾ ಹೊತ್ತು ನಿಂತು ನೋಡ್ದ. ಪಾಪ, ಖುಷಿ ಆಗಿರ್ಬೇಕು."

ಲವಿನಿಯಾ ಆಲ್ಬಮ್ಮನ್ನೂ ಗಿಂಡಿಯನ್ನೂ ಎತ್ತಿಕೊಂಡು ಹೊರಟಳು. ಒಡೆಸ್ಸಾ ಹಿಂದಿನಿಂದ ಕೂಗಿದ್ದು ಅವಳಿಗೆ ಕೇಳಲಿಲ್ಲ.

ಆ ದಿನಗಳಲ್ಲಿ ನಗದಿದ್ದರೆ ಹುಚ್ಚು ಹಿಡಿಯುತ್ತಿತ್ತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಆ ಸಾಲು ಬರೆದ ಮಧ್ಯಾಹ್ನ ಅವಳಿಗೆ ಚೆನ್ನಾಗಿ ನೆನಪಿತ್ತು. ಅಕ್ಷರ ಚೆಂದ ಬರಲೆಂದು ನಾಲಗೆ ಕಚ್ಚಿಕೊಂಡು, ನಿಬ್ಬು ಒರೆಸಿಕೊಂಡು ಬರೆದಿದ್ದಳು. ಊಟದ ಡೇರೆಯಲ್ಲಿ ಆಲ್ಬಮ್ ಕೈಯಿಂದ ಕೈಗೆ ಹೋದಾಗ ಉಳಿದ ಸಿಸ್ಟರುಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಲವಿನಿಯಾ ಎಷ್ಟು ಚುರುಕು ಎಂದು ಒಬ್ಬಳು ಅಂದಿದ್ದಳು. ಆ ಹೊಗಳಿಕೆಯಿಂದ ಸಂಜೆಯವರೆಗೂ ಮೈ ಬೆಚ್ಚಗಿತ್ತು. ಸಂಜೆ ಅದೇ ಕೈಯಲ್ಲಿ ಗಿಂಡಿ ಹಿಡಿದು ಎನೊಸ್‌ನ ಮಂಚದ ಬಳಿ ಕೂತಿದ್ದಳು.

ಮನೆಯಲ್ಲಿ ಬ್ಲೇಡಿನಿಂದ ಆ ಸಾಲನ್ನು ಕೆರೆದಳು. ಬಿಳಿ ಹೋಯಿತು. ನಿಬ್ಬು ಕೊರೆದ ಗೆರೆ ಉಳಿಯಿತು. ಕಿಟಕಿಗೆ ಓರೆ ಹಿಡಿದರೆ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು.

ಮರುದಿನ ಎನೊಸ್‌ನ ಮನೆಗೆ ಹೋದಳು. ಬೆರೆನೀಸ್ ಹಿತ್ತಿಲಲ್ಲಿ ಎಲೆಕೋಸು ಹೆಚ್ಚಿ ಪೀಪಾಯಿಗೆ ತುಂಬುತ್ತಿದ್ದಳು. ಚಾಕು ನಿಲ್ಲಿಸಲಿಲ್ಲ.

"ನಿನ್ನೆ ಸ್ಕೂಲಿಂದ ಮಗಳು ಅಳ್ತಾ ಬಂದ್ಲು ಸಿಸ್ಟರ್. ಅವಳನ್ನ ಚೊಂಬು ಅಂತಾರಂತೆ. ಗಿಂಡಿ ಮಗಳು ಚೊಂಬು." ಕೋಸಿನ ದಿಂಡು ಬಕೆಟ್ಟಿಗೆ ಬಿತ್ತು. "ನನಗೂ ಏನೋ ಒಂದು ಇಡ್ತಾರೆ ಬಿಡಿ. ಅವರು ಆ ಕಡೆ ಇದಾರೆ, ಹೋಗಿ."

ಮೀನಿನ ಕೊಟ್ಟಿಗೆಯಲ್ಲಿ ಎನೊಸ್ ಬಲೆಯ ಹರಕು ಕಟ್ಟುತ್ತಿದ್ದ. ದಾರಿಯಲ್ಲಿ ಕಟ್ಟಿಕೊಂಡ ಮಾತೆಲ್ಲ ಲವಿನಿಯಾಳಿಗೆ ಮರೆತುಹೋಯಿತು.

"ತಪ್ಪಾಯ್ತು ಎನೊಸ್."

ಚಳಿ ಜಾಸ್ತಿಯಾಯಿತು ಎಂದರೆ ತಲೆಯಾಡಿಸುವ ಹಾಗೆ ಅವನು ತಲೆಯಾಡಿಸಿದ. ತುಟಿ ಕೂಡಿಸಿ ಆಡುವ ಅಕ್ಷರಗಳು ಅವನ ಬಾಯಲ್ಲಿ ಗಾಳಿಯಾಗಿ ಹೋಗುತ್ತಿದ್ದವು. ಅಪರಿಚಿತರಿಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಲವಿನಿಯಾಳಿಗೆ ಎಲ್ಲವೂ ತಿಳಿಯುತ್ತಿತ್ತು. ಆ ಬಾಯಿ ಮತ್ತೆ ಮಾತು ಕಲಿತದ್ದು ಅವಳ ಎದುರಿಗೇ.

"ನಿಮ್ಮ ಊಟದ ಡೇರೆ ನಮ್ಮ ವಾರ್ಡಿನ ಪಕ್ಕದಲ್ಲೇ ಇತ್ತು," ಎಂದ. "ನಡುವೆ ಬರೀ ಬಟ್ಟೆ. ನೀವೆಲ್ಲ ನಗೋದು ಕೇಳಿಸ್ತಿತ್ತು."

ಅವನು ಬಲೆಯನ್ನು ಮೊಣಕಾಲ ಮೇಲೆ ಎಳೆದುಕೊಂಡ.

"ನನಗೆ ಹಿತವಾಗ್ತಿತ್ತು ಸಿಸ್ಟರ್. ಇನ್ನೂ ನಗೋರು ಇದಾರಲ್ಲ ಅಂತ. ಏನ್ ತಮಾಷೆ ಅಂತ ತಿಳ್ಕೊಳ್ಳೋಕೆ ಆಸೆ ಆಗ್ತಿತ್ತು." ಗಂಟು ಬಿಗಿದು ಹಲ್ಲಿದ್ದ ಕಡೆಯಿಂದ ದಾರ ಕಡಿದ. "ಇದೇನಾ ಅದು?"

ಅಲ್ಲ ಎನ್ನಬಹುದಿತ್ತು. ಬೇರೆ ಯಾವುದೋ ದಿನ, ಬೇರೆ ಯಾವುದೋ ನಗು ಎನ್ನಬಹುದಿತ್ತು. ಅವನು ನಂಬುತ್ತಿದ್ದನೇನೋ.

"ಇದೂ ಇತ್ತು," ಎಂದಳು.

ಅವನು ಬಲೆಯ ಮುಂದಿನ ಹರಕಿಗೆ ಕೈ ಹಾಕಿದ. ಅವಳು ಸೆರಗಿನಂತೆ ಹೊದ್ದ ಶಾಲಿನಡಿಯಿಂದ ಆಲ್ಬಮ್ ತೆಗೆದು ಮುಂದೆ ಹಿಡಿದಳು. "ಇದನ್ನ ಸುಟ್ಟುಬಿಡು ಎನೊಸ್. ನಿನ್ನ ಕೈಯಾರೆ ಸುಟ್ಟುಬಿಡು."

"ಪುಸ್ತಕ ನಿಮ್ದು," ಎಂದ. ಆ ಮಾತು ಎಂದಿನಂತೆ ಗಾಳಿಯಾಗಿ, ತೇವವಾಗಿ ಬಂತು. "ಗಿಂಡಿ ನಂದು. ಅದನ್ನ ಕೊಟ್ಬಿಡಿ."

'ಗಿಂಡಿ' ಎಂಬ ಪದದಲ್ಲಿ ತುಟಿಗೆ ಕೆಲಸವಿರಲಿಲ್ಲ. ಅವನ ಬಾಯಿಂದ ಅದು ಯಾರ ಬಾಯಿಂದಲೂ ಬರುವಷ್ಟು ಸ್ವಚ್ಛವಾಗಿ ಬಂತು.

ಸಂಜೆ ಅವಳು ಗಿಂಡಿಯನ್ನು ತಂದು ಅವನ ಮನೆಯ ಮೆಟ್ಟಿಲ ಮೇಲಿಟ್ಟಳು. ಯಾರೂ ಒಳಗೆ ಕರೆಯಲಿಲ್ಲ.

ಡಿಸೆಂಬರ್ ಬಂತು. ಹಿತ್ತಿಲ ಮೆಟ್ಟಿಲ ಮೇಲೆ ಹಿಮ ಬಿದ್ದು, ಹೆಜ್ಜೆ ಮೂಡದೆ ಹಾಗೇ ಗಟ್ಟಿಯಾಯಿತು. ಕ್ರಿಸ್‌ಮಸ್ಸಿನ ಹಿಂದಿನ ದಿನ ಅತ್ತಿಗೆ, "ಈ ಸಲ ಹೆರಿಂಗ್ ಬರ್ಲೇ ಇಲ್ವಲ್ಲ, ಅಂಗಡೀಲಾದ್ರೂ ತಗೊಂಡ್ ಬಾ," ಎಂದು ಕಳಿಸಿದಳು.

ಟೈಟಸ್‌ನ ಅಂಗಡಿಯ ಹಲಗೆಯ ಮೇಲೆ ಜಾಡಿಗಳು ಸಾಲಾಗಿದ್ದವು.

"ಯಾರ ಮನೇದು ಕೊಡ್ಲಿ ಸಿಸ್ಟರ್?"

"ಬೆರೆನೀಸಳ ಗಂಡನದು."

"ಯಾರದು?" ಟೈಟಸ್‌ನ ಕೈ ಹಲಗೆಯ ಮೇಲೆ ನಿಂತಿತು. ಅವನ ದನಿಯಲ್ಲಿ ಕುಹಕವಿರಲಿಲ್ಲ. ಹತ್ತು ವರ್ಷ ನಡೆದ ಮಾತು ಒಂದೇ ತಿಂಗಳಿಗೆ ಊರಿನ ಬಾಯಿಂದ ಬಿದ್ದುಹೋಗಿತ್ತು.

"ಎನೊಸ್‌ದು."

"ಎನೊಸ್ ಅಂದ್ರೆ ಯಾವ ಎನೊಸ್? ಮೂರು ಜನರದ್ದೂ ಇದೆಯಲ್ಲ."

ಒಲೆಯ ಸುತ್ತ ಕೂತವರು ತಿರುಗಿ ನೋಡುತ್ತಿದ್ದರು. ಬೇರೆ ಎನೊಸ್‌ನ ಜಾಡಿ ಒಯ್ದರೂ ಅತ್ತಿಗೆಗೆ ತಿಳಿಯುತ್ತಿರಲಿಲ್ಲ. ಲವಿನಿಯಾ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಬರೆದದ್ದು ಒಂದು ಸಲ. ಈ ಊರಿನಲ್ಲಿ ಆ ಪದವನ್ನು ಅವಳು ಇನ್ನೂ ಬಾಯಿಬಿಟ್ಟು ಆಡಿರಲಿಲ್ಲ.

"ಗಿಂಡಿದು," ಎಂದಳು.

"ಹಂಗನ್ನಿ ಮತ್ತೆ," ಎಂದು ಟೈಟಸ್ ಜಾಡಿ ಇಳಿಸಿದ.