ಮುಷ್ಟಿಯಲ್ಲಿ ನಿಂಬೆಹಣ್ಣು

ಒಂಬತ್ತು ವರ್ಷ ಮೈಸೂರಿನಲ್ಲಿ ಭರತನಾಟ್ಯ ಕಲಿತರೂ ನನ್ನ ರಂಗಪ್ರವೇಶವಾಗಲಿಲ್ಲ. "ಬರೋ ವರ್ಷ ನೋಡೋಣ" ಎನ್ನುತ್ತಲೇ ಗುರುಗಳು ತರಗತಿ ಮುಚ್ಚಿದರು. ರಂಗಪ್ರವೇಶದ ದಿನ ತಾನು ಉಡಲೆಂದು ಅಮ್ಮ ಕೊಂಡಿಟ್ಟ ಹಸಿರು ರೇಷ್ಮೆ ಸೀರೆ ಬೀರುವಿನಲ್ಲೇ ಉಳಿಯಿತು. ಕ್ವಾಲಾಲಂಪುರಕ್ಕೆ ಇಂಜಿನಿಯರಿಂಗ್ ಓದಲು ಬಂದಾಗ ಯಾವುದಾದರೂ ಕ್ಲಬ್ ಸೇರಲೇಬೇಕು ಎಂದರು ಕಾಲೇಜಿನವರು. ಐರಿಷ್ ನೃತ್ಯದ ಕ್ಲಬ್ಬಿನ ಕರಪತ್ರದಲ್ಲಿ 'ವರ್ಷದ ಕೊನೆಗೆ ಎಂಟು ಮಂದಿಗೆ ವೇದಿಕೆ' ಎಂದಿತ್ತು. ಸೇರಿದವರೂ ಎಂಟೇ ಮಂದಿ. ಈ ಸಲ ತಪ್ಪಿಸುವವರಾರು ಎಂದುಕೊಂಡೆ.

ಫೋನಿನಲ್ಲಿ ಅಮ್ಮನಿಗೆ ಹೇಳಿದೆ.

"ಶೂ ಹಾಕ್ಕೊಂಡು ಡಾನ್ಸಾ? ಸ್ಟೇಜ್ ಮೇಲೆ? ಅದೆಂಥ ವಿದ್ಯೇನೇ!"

ವಿದ್ಯೆ ಅಂಥದ್ದೇ. ಸೊಂಟದಿಂದ ಕೆಳಗೆ ಕೆಂಡ ತುಳಿದವರಂತೆ ಕುಣಿಯಬೇಕು. ಮೇಲೆ ಬ್ಯಾಂಕಿನ ಸಾಲಿನಲ್ಲಿ ನಿಂತವರಂತೆ ಇರಬೇಕು. ಕೈ ಪಕ್ಕಕ್ಕೆ ಅಂಟಿರಬೇಕು. ನನ್ನ ಕೈಗಳಿಗೆ ಇದನ್ನು ತಿಳಿಸುವುದೇ ಕಷ್ಟ. ಕಾಲು ಜಿಗಿದೊಡನೆ ಬಲಗೈ ಪತಾಕ ಮುದ್ರೆ ಹಿಡಿಯುತ್ತಿತ್ತು, ಎಡಗೈ ಅಲಪದ್ಮ ಅರಳಿಸುತ್ತಿತ್ತು, ಕಣ್ಣು ಕೈಯ ಹಿಂದೆ ಹೋಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಕಲಿತ ಗುಣವೂ ಅಷ್ಟೆ.

ಕಲಿಸುತ್ತಿದ್ದ ಟೀಚರ್ ಪೆನಾಂಗಿನ ಚೀನೀ ಹೆಂಗಸು. ಐರ್ಲೆಂಡಿನಲ್ಲಿ ಓದುವಾಗ ಈ ನೃತ್ಯ ಕಲಿತವರು. ಎರಡು ತಿಂಗಳು ತಾಳಿಕೊಂಡರು. ಆಮೇಲೊಂದು ದಿನ ಪಕ್ಕದ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಗೋಲಿಗಿಂತ ಸ್ವಲ್ಪ ದೊಡ್ಡ ಎರಡು ನಿಂಬೆಹಣ್ಣು ತಂದು ನನ್ನ ಮುಷ್ಟಿಗೊಂದರಂತೆ ಇಟ್ಟರು.

"ಹಣ್ಣು ಬೀಳಬಾರದು, ರಸವೂ ಬರಬಾರದು. ಕೈ ನಿಲ್ಲದಿದ್ರೆ ಏಳೇ ಜನ ಕುಣೀತಾರೆ ಲಾ." ಆ 'ಲಾ' ಅಲ್ಲಿಯವರ ಮಾತಿಗೆಲ್ಲ ಇರುವ ಬಾಲ.

ನನಗೆ ಭಯವಾಯಿತು. ಮತ್ತೆ ಬರೋ ವರ್ಷವೇ? ಅಂದಿನಿಂದ ರೈಲಿನಲ್ಲಿ, ತರಗತಿಯಲ್ಲಿ, ಊಟದ ಸಾಲಿನಲ್ಲಿ ನಿಂಬೆ ಹಿಡಿದು ಮುಷ್ಟಿ ಬಿಗಿದೇ ಇರುತ್ತಿದ್ದೆ. "ಯಾರಿಗೆ ದೃಷ್ಟಿ ತೆಗೆಯೋಕೆ ಹೊರಟೆ?" ಎಂದು ಬ್ರಿಕ್‌ಫೀಲ್ಡ್ಸ್ ಬಡಾವಣೆಯ ತಮಿಳು ರೂಮ್‌ಮೇಟ್ ದಿನಾ ರೇಗಿಸುತ್ತಿದ್ದಳು. ಕೊನೆಯ ಅಭ್ಯಾಸದಲ್ಲಿ ಕೈ ಅಲುಗಲಿಲ್ಲ. ಸಾಲಿನ ತುದಿಯಲ್ಲಿ ಜಾಗ ಸಿಕ್ಕಿತು.

ಪ್ರದರ್ಶನದ ಸಂಜೆ ಹಣ್ಣು ಬಿಡಲು ಧೈರ್ಯವಾಗದೆ ಗುಟ್ಟಾಗಿ ಹಿಡಿದುಕೊಂಡೆ. ಟಕಟಕ ಸದ್ದಿಗೆಂದೇ ಮಾಡಿದ ಗಟ್ಟಿ ಶೂ ಕಾಲು ಕಚ್ಚುತ್ತಿತ್ತು. ಕಡೇ ಗಳಿಗೆಯಲ್ಲಿ ಹಾಕಿಕೊಂಡರಾಯಿತೆಂದು ಅದನ್ನು ಕುರ್ಚಿಯ ಕೆಳಗಿಟ್ಟು ಚಪ್ಪಲಿಯಲ್ಲಿದ್ದೆ. ನಮ್ಮ ಸರದಿ ಕೂಗಿದರು. ಗಮನವೆಲ್ಲ ಮುಷ್ಟಿಯಲ್ಲಿ. ಒಂಬತ್ತು ವರ್ಷ ಮಾಡಿದ್ದನ್ನೇ ಮಾಡಿದೆ: ವೇದಿಕೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ಮುಷ್ಟಿಯಲ್ಲೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ನಡೆದೆ.

ಏಳು ಜೊತೆ ಶೂ ಟಕಟಕ ಎಂದವು. ನನ್ನ ಕಾಲು ತಪ್ ಎಂದಿತು. ಆಗ ಗೊತ್ತಾಯಿತು. ಓಡಿಹೋಗಬೇಕೆನಿಸಿತು, ಹೋದರೆ ಏಳೇ ಜನ. ಕುಣಿದೆ. ಅಂಗಾಲು ಉರಿಯಿತು, ನಿಂಬೆರಸ ಬೆರಳ ಸಂದಿಯಿಂದ ತೊಟ್ಟಿಕ್ಕಿತು. ಕೈ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಪರದೆಯ ಹಿಂದೆ ಟೀಚರ್ ನನ್ನ ಕೈ ನೋಡಿದರು, ಕಾಲು ನೋಡಿದರು.

"ಕೈ ಸೂಪರ್ ಲಾ. ಶೂ ಎಲ್ಲಿ?"

ರೂಮ್‌ಮೇಟ್ ಅಷ್ಟನ್ನೂ ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದ್ದಳು. ಮುಖ ಮರೆಸಿಕೊಳ್ಳುವ ಮೊದಲೇ ಫೋನ್ ನನ್ನ ಮುಂದೆ ಹಿಡಿದಳು. ಮೈಸೂರಿನ ಸೋಫಾದಲ್ಲಿ ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಕೂತಿದ್ದಳು.

"ಅಂತೂ ರಂಗಪ್ರವೇಶ ಆಯ್ತಲ್ಲೇ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ನೀನೇನೋ ಚಪ್ಪಲಿ ಬಿಟ್ಟು ಹೋದೆ. ಆ ಏಳು ಹುಡುಗೀರಿಗೆ ಮನೇಲಿ ಯಾರೂ ಹೇಳಿಕೊಡಲಿಲ್ವೇನೇ?"