ಸಾವ್ಕಾರನ ಹಗ್ಗ

೧೯೯೬ರಲ್ಲಿ, ಏಳನೇ ಇಯತ್ತೆಯ ನಡುವೆ, ನಾನು ಸಾಲಿ ಬಿಟ್ಟೆ. ಮರುವಾರವೇ ಸಿಂದಗಿಯ ಒಬ್ಬ ಗೌಂಡಿಯ ಕೈಕೆಳಗೆ ಇಟ್ಟಿಗೆ ಹೊರಲು ನಿಂತೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಇಂಡಿಯಿಂದ ಮುದ್ದೇಬಿಹಾಳದವರೆಗೆ ನಾನು ಕಟ್ಟಿದ ಗೋಡೆಗಳಿವೆ, ಒಂದೂ ಹೊಟ್ಟೆ ಉಬ್ಬಿಲ್ಲ. ಬೇಕಾದರೆ ಹೋಗಿ ನೋಡಿ ಬನ್ನಿ. ಇವತ್ತು ಮುಂಜಾನೆ ಸಿಮೆಂಟು ಕಲಸುವಾಗ ಬಲ ಅಂಗೈಯ ಅಡ್ಡಗೆರೆ ಚುರ್ ಎಂದಿತು. ಅದು ಹಣೆಬರಹದ ಗೆರೆಯಲ್ಲ, ನೈಲಾನ್ ಹಗ್ಗ ಸುಲಿದ ಗಾಯ. ಆ ಹಗ್ಗದ ಇನ್ನೊಂದು ತುದಿಯಲ್ಲಿದ್ದದ್ದು ನನ್ನ ನಾಯಿ, ಸಾವ್ಕಾರ.

ದೇವರ ಹಿಪ್ಪರಗಿಯಲ್ಲಿ ಮನೆ ಕಟ್ಟುವಾಗ ಉಸುಕಿನ ಗುಡ್ಡೆಯ ಮೇಲೆ ಸಿಕ್ಕ ಮರಿ ಅದು. ಮುಷ್ಟಿಯಷ್ಟಿದ್ದಾಗಲೇ ಉಸುಕೆಲ್ಲ ತನ್ನದೆಂದು ತಿಳಿದಿತ್ತು. ಬುಟ್ಟಿ ಹಿಡಿದು ಬಂದವರಿಗೆ ಗುರ್ ಎನ್ನುತ್ತಿತ್ತು. ಬಸವನ ಬಾಗೇವಾಡಿಯ ನಮ್ಮ ಓಣಿಗೆ ತಂದ ಮೇಲೆ ಓಣಿಯೂ ಅದರದಾಯಿತು. ಬೇರೆ ನಾಯಿಗಳು ಎಲ್ಲಿ ಮಲಗಬೇಕು, ಯಾವಾಗ ನಮ್ಮ ಮನೆ ಮುಂದೆ ಹಾಯಬೇಕು ಎಂಬುದನ್ನೆಲ್ಲ ಅದೇ ಗೊತ್ತು ಮಾಡುತ್ತಿತ್ತು. ಹೆಸರಿಟ್ಟವಳು ನನ್ನ ಹೆಂಡತಿ ಮಹಾದೇವಿ. "ಸಾವ್ಕಾರಾ, ಒಳಗ ನಡಿ, ಒದಿತೇನಿ" ಎಂದು ಅವಳು ಕೂಗಿದಾಗ, ದಾರಿಯಲ್ಲಿ ಹೊರಟಿದ್ದ ನಿಜವಾದ ಸಾವ್ಕಾರರು ನಿಂತು ಹೊರಳಿ ನೋಡಿದ್ದೂ ಉಂಟು.

ತಪ್ಪು ನನ್ನದೇ. ಬೇರೆ ನಾಯಿ ಕಂಡು ಅದು ಬೆನ್ನ ಕೂದಲು ನಿಗುರಿಸಿದಾಗ ನಾನು ಮೀಸೆ ತಿರುವಿ 'ಛೂ' ಎನ್ನುತ್ತಿದ್ದೆ. ಮೂರು ತಲೆಮಾರಿನಲ್ಲಿ ನಮ್ಮ ಮನೆಯವರಿಗೆ ಯಾರೂ ಹೆದರಿರಲಿಲ್ಲ. ನಾಯಿಗಾದರೂ ಹೆದರಲಿ ಎಂಬ ಆಸೆ.

ಹೀಗಿರುವಾಗ ಒಂದು ದಿನ ಅದು ಎದುರುಮನೆಯ ಬಸಲಿಂಗಣ್ಣನ ನಾಯಿ ಮೋತಿಯ ಕಿವಿ ಹರಿಯಿತು. ಮೋತಿ ಮುದಿ ನಾಯಿ, ಕಣ್ಣು ಮಂದ, ಯಾರ ಗೊಡವೆಗೂ ಹೋಗದ್ದು. ಬಸಲಿಂಗಣ್ಣ ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ. ರಕ್ತ ಒರೆಸಿದ ಟವೆಲ್ಲು ಹೆಗಲ ಮೇಲಿತ್ತು. ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ:

"ತಮ್ಮಾ, ಇದೊಂದ ಸಲ ಹೇಳಾಕ ಬಂದೇನಿ. ಇನ್ನೊಮ್ಮೆ ಆತಂದ್ರ ಹೇಳಾಕ ಬರೂದಿಲ್ಲ."

ಅದರ ಅರ್ಥ ನನಗೆ ಗೊತ್ತಿತ್ತು. ಕಚ್ಚುವ ನಾಯಿಯ ಮುಂದೆ ಯಾರೋ ಮಾಂಸದ ತುಣುಕು ಎಸೆದು ಹೋಗುತ್ತಾರೆ. ಅದರೊಳಗೆ ಬೆಳೆಗೆ ಹೊಡೆಯುವ ಔಷಧ. ಹಾಗೆ ಸಾಯುವ ನಾಯಿಯನ್ನು ನಾನು ನೋಡಿದ್ದೇನೆ. ಮಲಗಿದಲ್ಲೇ ಅದರ ಕಾಲುಗಳು ಎಷ್ಟು ಹೊತ್ತು ಓಡುತ್ತವೆ ಎಂಬುದನ್ನೂ ನೋಡಿದ್ದೇನೆ.

ಅಂದಿನಿಂದ ನನ್ನೊಳಗೆ ಹೆದರಿಕೆ ಹೊಕ್ಕಿತು. ಎದ್ದವನೇ ಅಂಗಳದಲ್ಲಿ ಬಗ್ಗಿ ಹುಡುಕುತ್ತಿದ್ದೆ, ಕಾಗದದ ಪೊಟ್ಟಣ ಬಿದ್ದಿದೆಯೇ, ಎಲುಬು ಬಿದ್ದಿದೆಯೇ ಎಂದು. ಮನೆಯಲ್ಲಿ ಬಿಡಲು ಧೈರ್ಯ ಸಾಲದೆ, ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿ, ಕೆಲಸಕ್ಕೂ ಕರೆದೊಯ್ಯತೊಡಗಿದೆ. ದೂರದಲ್ಲಿ ಬೇರೊಂದು ನಾಯಿ ಕಂಡರೆ ಸಾಕು, ನಾನು ಜಗ್ಗುತ್ತಿದ್ದೆ, ಅದು ಹಾರುತ್ತಿತ್ತು. ಮೂರನೇ ಅಂತಸ್ತಿನ ಗೋಡೆಯ ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡುವ ಮನುಷ್ಯ ನಾನು, ಮರಿ ಹಾಕಿದ ಬೀದಿ ನಾಯಿಯೊಂದನ್ನು ಕಂಡು ಹಿಟ್ಟಿನ ಗಿರಣಿಯ ಹಿಂದೆ ಅಡಗಿದೆ. "ಯಾರಿಗಿ ಅಂಜಿ ನಿಂತೀರಿ, ಮೇಸ್ತ್ರಿ?" ಎಂದ ಗಿರಣಿಯವನು. ಏನು ಹೇಳಲಿ, ನೀವೇ ಹೇಳಿ.

ಆಗ ಹೂವಿನ ಹಿಪ್ಪರಗಿ ರಸ್ತೆಯ ಹೊಲವೊಂದಕ್ಕೆ ಕಂಪೌಂಡ್ ಕಟ್ಟುವ ಕೆಲಸ ಹಿಡಿದಿದ್ದೆ. ಪಕ್ಕದ ಹೊಲದಲ್ಲಿ ಜೋಳ ಕೊಯ್ದಾಗಿತ್ತು. ಗೊಬ್ಬರವಾಗಲೆಂದು ಕುರಿ ಹಿಂಡು ಇಳಿಸಿದ್ದರು. ಹಿಂಡಿನ ಒಡತಿ ಮಾಳವ್ವ ಅರವತ್ತು ದಾಟಿದವಳು, ಜೊತೆಗೆ ಎರಡು ನಾಯಿ. ಮೊದಲ ದಿನವೇ ಸಾವ್ಕಾರ ಅವುಗಳ ಕಡೆ ಹಾರಿದ ರಭಸಕ್ಕೆ ಹಗ್ಗ ನನ್ನ ಅಂಗೈ ಸುಲಿಯಿತು. ಆದರೂ ಬಿಡಲಿಲ್ಲ. ಮಾಳವ್ವ ಕೋಲೂರಿ ನಿಂತು ನೋಡಿದಳು.

"ಏ ಗೌಂಡಿ, ನಾಯಿ ಹಿಡದೀಯೋ, ಗ್ವಾಡಿ ಕಟ್ಟಾಕತ್ತೀಯೋ? ದಾರ ಜಗ್ಗಿದಂಗ ಜಗ್ಗಾಕತ್ತೀದಿ!"

"ಬಿಟ್ರ ನಿನ್ನ ನಾಯಿ ಉಳಿಯೂದಿಲ್ಲಬೇ."

"ನನ್ನವು ತೋಳ ನೋಡ್ಯಾವು, ನಿಂದ ನೀ ನೋಡ್ಕೊ. ಹಗ್ಗ ಜಗ್ಗಿದಾಗೊಮ್ಮೆ ನೀನ ಅದಕ್ಕ ಹೇಳಾಕತ್ತೀದಿ, ಬಂದ್ರು ನೋಡು, ಬಂದ್ರು ನೋಡು ಅಂತ. ಧಣಿ ಅಂಜಿದ ಮ್ಯಾಲ ಅದು ಬಡಿದಾಡದ ಏನ್ ಮಾಡೀತೋ ತಮ್ಮಾ?"

ನನಗೆ ಸಿಟ್ಟು ಬಂತು. ಇಟ್ಟಿಗೆ ಸಾಲಿಗೆ ಕಟ್ಟುವ ದಾರ ಬಿಗಿಯಾಗಿದ್ದರೆ ಗೋಡೆ ನೆಟ್ಟಗೆ ಏಳುತ್ತದೆ. ನನ್ನ ಸಂಸಾರ ನಡೆದದ್ದೇ ಅದರ ಮೇಲೆ. ನಾಯಿಯ ಹಗ್ಗಕ್ಕೆ ಬೇರೆ ರೀತಿ ಇದ್ದೀತೆಂದು ಹೊಳೆದೇ ಇರಲಿಲ್ಲ.

ಗಾಯಕ್ಕೆ ಅರಿಶಿಣ ಒತ್ತುತ್ತ ಅವಳೇ ದಾರಿ ಹೇಳಿದಳು. ಬೇರೆ ನಾಯಿ ಕಂಡರೂ ಸಾವ್ಕಾರ ಗುರ್ ಎನ್ನದಷ್ಟು ದೂರದಲ್ಲಿ ನಿಲ್ಲಬೇಕು. ಅದು ಆ ಕಡೆ ನೋಡಿದ ಕೂಡಲೇ ಒಂದು ಚೂರು ರೊಟ್ಟಿ ಕೊಡಬೇಕು. ಕೂದಲು ಏಳುವ ಮೊದಲೇ ತಿರುಗಿ ಬರಬೇಕು. ಎದುರಾಬದುರು ಒಯ್ಯಬಾರದು, ಒಂದೇ ದಿಕ್ಕಿಗೆ, ಅಂತರ ಬಿಟ್ಟು ನಡೆಸಬೇಕು.

"ಎಷ್ಟ ದಿನಬೇ?"

"ನೀ ಒಂದ ದಿನದಾಗ ಗ್ವಾಡಿ ಎಷ್ಟ ಎತ್ತರ ಎಬ್ಬಸ್ತಿ?"

ನಾಲ್ಕು ಅಡಿ. ಹೆಚ್ಚು ಏರಿಸಿದರೆ ಹಸಿ ಗಾರೆ ಜಾರಿ ಗೋಡೆ ಕುಸಿಯುತ್ತದೆ. ಇದು ನನಗೆ ತಿಳಿಯುವ ಮಾತು.

ಮಾಳವ್ವನ ನಾಯಿಗಳಿಂದ ನಲವತ್ತು ಹೆಜ್ಜೆ ದೂರದಲ್ಲಿ, ನಾವು ನಿಲ್ಲುವ ಗುರುತಿಗೆ ಒಂದು ಇಟ್ಟಿಗೆ ಇಟ್ಟೆ, ದಿನಕ್ಕೊಂದು ಹೆಜ್ಜೆ ಮುಂದೆ ಸರಿಸಿದೆ. ನಾಯಿ ಬೇಗ ಕಲಿಯಿತು. ನನ್ನ ಬೆರಳು ಕಲಿಯಲಿಲ್ಲ, ಬೇಡವೆಂದರೂ ಮುಷ್ಟಿಯಾಗುತ್ತಿದ್ದವು. "ಸಡ್ಲ ಬಿಡೋ, ಸಡ್ಲ!" ಎಂದು ಮಾಳವ್ವ ಕುರಿಗಳ ನಡುವಿನಿಂದ ಕೂಗಿದರೆ, ಕೂಲಿಯ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಹನ್ನೊಂದನೇ ದಿನ ಆತುರಪಟ್ಟು ಐದು ಹೆಜ್ಜೆ ಒಮ್ಮೆಲೇ ಮುಂದೆ ಹೋದೆ. ಸಾವ್ಕಾರ ಮತ್ತೆ ಹಾರಿತು. ಇಟ್ಟಿಗೆ ಹಿಂದಕ್ಕೆ ಹೊತ್ತೊಯ್ದೆ.

ತಿಂಗಳು ಕಳೆದು, ಇಟ್ಟಿಗೆ ಹತ್ತು-ಹನ್ನೆರಡು ಹೆಜ್ಜೆಗೆ ಬಂದಾಗ, ಹಿಂಡು ಬೇರೆ ಹೊಲಕ್ಕೆ ಹೋಯಿತು. ನಮ್ಮ ಓಣಿಯಲ್ಲಿ ಸಡಿಲ ಹಗ್ಗದಲ್ಲಿ ಮೋತಿಯ ಮುಂದೆ ಹಾಯುವುದು ಉಳಿದಿತ್ತು. "ಇವತ್ತ ಬ್ಯಾಡ್ರಿ" ಎಂದಳು ಮಹಾದೇವಿ. ನಾಳೆಯೂ ಹಾಗೇ ಅನ್ನುತ್ತಾಳೆಂದು ಹೊರಟೆ. ಬಸಲಿಂಗಣ್ಣ ಕಟ್ಟೆಯ ಮೇಲೆ ಕೂತಿದ್ದ, ಕಾಲ ಬಳಿ ಮೋತಿ. ಸಾವ್ಕಾರನ ಕಿವಿ ನೆಟ್ಟಗಾದವು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಹಗ್ಗ ಜೋತು ಬಿತ್ತು. ಸಾವ್ಕಾರ ಮೋತಿಯನ್ನು ನೋಡಿತು, ನೋಡುತ್ತಲೇ ಇತ್ತು. ಆಮೇಲೆ ಹೊರಳಿ ನನ್ನ ಮುಖ ನೋಡಿತು. ನಾನು ಚಾಚಿದ ರೊಟ್ಟಿಯ ಚೂರು ಕೈತಪ್ಪಿ ಮಣ್ಣಿಗೆ ಬಿತ್ತು. ಅದನ್ನೇ ಹೆಕ್ಕಿ ತಿಂದು ನನ್ನ ಜೊತೆ ಹೆಜ್ಜೆ ಹಾಕಿತು.

"ಏನ್ ತಮ್ಮಾ, ಜ್ವರಾ ಬಂದಾವೇನು? ಥರಥರ ನಡಗಾಕತ್ತೀದಿ" ಎಂದ ಬಸಲಿಂಗಣ್ಣ.

"ಅಣ್ಣಾ, ಔಷಧ ತಂದಿಟ್ಟಿದ್ರ ಚೆಲ್ಲಿಬಿಡು."

ಅವನು ಮೋತಿಯ ಹರಿದ ಕಿವಿ ಸವರಿದ. ಆಮೇಲೆ ಒಳಗೋಡೆಯ ಗೂಡಿನತ್ತ ಗೋಣು ತಿರುಗಿಸಿ, "ಮಾಡದಾಗ ಐತಿ" ಎಂದ. "ನಾಳೆನೂ ಹಿಂಗ ಹಾಯ್ದು ಹೋಗು. ನೋಡೂಣು."

ಅದಾಗಿ ಎರಡು ವರ್ಷ. ದಿನವೂ ಮೋತಿಯ ಮುಂದೆ ಅಂತರ ಬಿಟ್ಟು ಹಾಯುತ್ತೇವೆ. ಸಾವ್ಕಾರನ ದೌಲತ್ತು ಹೋಗಿಲ್ಲ, ನನ್ನ ಹೆದರಿಕೆಯೂ ಹೋಗಿಲ್ಲ. ಅದನ್ನು ಹಗ್ಗಕ್ಕೆ ಇಳಿಸದಿರಲು ಕಲಿತಿದ್ದೇನೆ, ಅಷ್ಟೇ. ಬಸಲಿಂಗಣ್ಣನ ಗೋಡೆಯ ಮಾಡದಲ್ಲಿ ಆ ಬಾಟಲಿ ಇನ್ನೂ ಇದೆಯೋ ಇಲ್ಲವೋ, ನಾನು ಕೇಳಿಲ್ಲ, ಅವನೂ ಹೇಳಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು: ನಾನೇ ಕಟ್ಟಿದ ಎರಡು ಕೋಣೆ, ಒಬ್ಬಳು ಹೆಂಡತಿ, ಗಾರೆ ಬಳಿಯುವ ಎರಡು ಕರಣಿ, ಒಂದು ನಾಯಿ, ಆ ನಾಯಿಗೂ ಮೋತಿಗೂ ನಡುವೆ ಒಂಬತ್ತು ಹೆಜ್ಜೆ.